ಬಳುವಳಿ ಸೇತುವೆಯನ್ನು ಉಂಡವರು

ಬರ್ರಿ, ಕುಂದರ್ರಿ. ಕಾಲು ಚಾಚಿದವರು ಮಡಚಿಕೊಳ್ರಿ, ಹಿಂದಿದ್ದವರು ಮುಂದಕ್ಕೆ ಸರೀರಿ. ಹೂಂ ಅನ್ನೋರು ಒಬ್ಬರಾದರೂ ಇರಬೇಕು ನೋಡ್ರಿ, ಇಲ್ಲದಿದ್ದರೆ ನನ್ನ ಕಥೆ ನಡೆಯೋದಿಲ್ಲ, ದಾರಿಯಲ್ಲೇ ಮಲಗಿಬಿಡುತ್ತೆ.

ಊರುಗಳಿಗೆ ಇನ್ನೂ ಹೆಸರಿಡದ ಕಾಲ ಅದು. ಹೊಳೆಗೆ ಹೊಳೆ ಅಂತಲೇ ಹೆಸರು, ಗುಡ್ಡಕ್ಕೆ ಗುಡ್ಡ ಅಂತಲೇ ಹೆಸರು. ಆ ಕಾಲದಲ್ಲಿ ಒಂದು ಬಯಲು ನಾಡಿತ್ತು. ಎಂಥ ಬಯಲು? ಬೆಳಿಗ್ಗೆ ಹೊರಟ ಎತ್ತಿನ ಗಾಡಿ ಸಂಜೆವರೆಗೂ ಕಣ್ಣಿಗೆ ಕಾಣ್ತಾನೇ ಇರುವಂಥ ಬಯಲು. ಎತ್ತ ನೋಡಿದರೂ ಹುಲ್ಲು. ಹುಲ್ಲಿನ ನಡುವೆ ಅಲ್ಲೊಂದು ಜಾಲಿ, ಇಲ್ಲೊಂದು ಬೇವು. ಅಷ್ಟೇ ಮರ.

ಅಲ್ಲೊಬ್ಬ ಬಡಿಗ ಇದ್ದ, ಮೋನಪ್ಪ ಅಂತ. ಅವನು ಮರಗೆಲಸ ಮಾಡೋ ಕಮ್ಮಟದ ಹಿಂದೆ ಒಂದು ಹುತ್ತ. ದೊಡ್ಡದೇನಲ್ಲ, ಗಡಿಗೆ ಬೋರಲು ಹಾಕಿದಷ್ಟು. ಆದರೆ ಅದರ ಹೆಸರು ದೊಡ್ಡದು. ಸಾಕ್ಷಿಹುತ್ತ ಅಂತಿದ್ದರು. ಯಾಕೆ ಅಂತೀರಾ? ಮೋನಪ್ಪ ನೇಗಿಲು ಮಾಡಲಿ, ಕೂರಿಗೆ ಮಾಡಲಿ, ತೊಟ್ಟಿಲು ಮಾಡಲಿ, ಮಾಡಿದ ಕೂಡಲೇ ಕೊಡ್ತಿರಲಿಲ್ಲ. ಒಯ್ದು ಆ ಹುತ್ತಕ್ಕೆ ಒರಗಿಸಿ ಇಡೋನು. ಒಂಬತ್ತು ದಿನ. ಹತ್ತನೇ ದಿನ ಬೆಳಿಗ್ಗೆ ಹೋಗಿ ತಿರುವಿ ಮುರುವಿ ನೋಡೋನು. ಗೆದ್ದಲಿನ ಒಂದು ಹಲ್ಲಿನ ಗುರುತೂ ಇರ್ತಿರಲಿಲ್ಲ. ಆಗ ಉಳಿ ತಗೊಂಡು ಮೂರು ಗೆರೆ ಕೊರೆಯೋನು. ಅದು ಅವನ ಮನೆತನದ ಗುರುತು. "ಹುತ್ತ ಒಪ್ಪೇತಿ, ಒಯ್ರಿ," ಅನ್ನೋನು.

ಅವನ ಅಜ್ಜನ ಕಾಲದಲ್ಲಿ ಹುತ್ತ ಒಪ್ಪಿತು. ಅಪ್ಪನ ಕಾಲದಲ್ಲಿ ಒಪ್ಪಿತು. ಮೋನಪ್ಪನ ಕಾಲದಲ್ಲೂ ಒಪ್ಪಿತು. ಒಂದು ಸಲವಾದರೂ ಒಲ್ಲೆ ಅಂದದ್ದಿಲ್ಲ. ನಿಮಗೆ ಅನುಮಾನ ಬಂತಾ? ನೀವು ಜಾಣರು. ಆ ಊರವರಿಗೆ ಬರಲಿಲ್ಲ. ಈ ಮನೆತನದ ಕೈಗುಣವೇ ಹಾಗೆ, ಇವರು ಮುಟ್ಟಿದ ಮರಕ್ಕೆ ಗೆದ್ದಲು ಬಾಯಿ ಹಾಕೋದಿಲ್ಲ ಅಂತ ಸುತ್ತ ಹತ್ತೂರಲ್ಲಿ ಮಾತು. ಮೋನಪ್ಪನಿಗೂ ಅದೇ ನಂಬಿಕೆ. ಮೀಸೆ ತಿರುವದೇ ಅವನು ಉಳಿ ಹಿಡೀತಿರಲಿಲ್ಲ.

ಅವನಿಗೊಬ್ಬಳೇ ಮಗಳು, ಕಾಳವ್ವ. ಗಂಡು ಮಕ್ಕಳಿಲ್ಲ ಅಂತ ಅವಳನ್ನೇ ಕಮ್ಮಟದಲ್ಲಿ ಕೂರಿಸಿಕೊಂಡು ಬೆಳೆಸಿದ್ದ. ಯಾವ ತೊಲೆ ಬಂದರೂ, "ತಟ್ಟಿ ಹೇಳವ್ವ," ಅನ್ನೋನು. ಅವಳು ಬೆರಳು ಮಡಚಿ ತಟ್ಟಿ, ಕಿವಿಗೊಟ್ಟು, ಗಟ್ಟಿ ಐತಿ, ಟೊಳ್ಳೈತಿ ಅಂತ ಹೇಳೋಳು. ಒಂದು ಸಲವೂ ತಪ್ಪುತ್ತಿರಲಿಲ್ಲ.

ಕೇಳ್ರಿ, ಕಥೆ ಈಗ ಗುಡ್ಡ ಹತ್ತುತ್ತೆ. ಬಯಲು ಮುಗಿದಲ್ಲಿ ಗುಡ್ಡ, ಗುಡ್ಡದ ಮೇಲೆ ಕಾಡು. ಆ ಕಾಡಿನಿಂದ ಹುಲಿಯಪ್ಪ ಅನ್ನೋ ಹುಡುಗ ಬಿದಿರು ಬುಟ್ಟಿ ಮಾರೋಕೆ ಬಯಲಿಗೆ ಬರ್ತಿದ್ದ. ಬಂದ, ಮತ್ತೆ ಬಂದ, ಮೂರನೇ ಸಲ ಬಂದಾಗ ಬುಟ್ಟಿ ತರೋದನ್ನೇ ಮರೆತು ಬಂದ. ಯಾಕೆ ಬಂದ ಅಂತ ಊರಿಗೆಲ್ಲ ಗೊತ್ತಾಯ್ತು. ಕಾಳವ್ವನೂ ಒಲ್ಲೆ ಅನ್ನಲಿಲ್ಲ.

ಮೋನಪ್ಪ ಮನೆ ನೋಡೋಕೆ ಗುಡ್ಡಕ್ಕೆ ಹೋದ. ನೋಡಿದರೆ ಹುಲಿಯಪ್ಪನ ಮನೆ ಒಂದು ಆಳವಾದ ಹಳ್ಳದ ಆಚೆ. ಅಲ್ಲಿ ಇದ್ದದ್ದೇ ಮೂರು ಮನೆ. ಉಳಿದ ಊರು, ಅಂಗಡಿ, ಸೂಲಗಿತ್ತಿ ಎಲ್ಲ ಈಚೆ ದಡದಲ್ಲಿ. ನಡುವೆ ಬಿದಿರಿನ ಒಂದು ಸಂಕ, ಕಾಲಿಟ್ಟರೆ ಜೋಲಿ ಹೊಡೆಯುತ್ತೆ. ಮೋನಪ್ಪ ಕಣ್ಣು ಮುಚ್ಚಿಕೊಂಡು ದಾಟಿದ.

ಹುಲಿಯಪ್ಪನ ತಾಯಿ ದ್ಯಾವಕ್ಕ ನಕ್ಕಳು. "ಹೆದರಬೇಡಿ ಬೀಗರೇ. ವರ್ಷ ವರ್ಷ ಹೊಸ ಬಿದಿರು ಕಡಿದು ಕಟ್ತೀವಿ. ಮಳೆ ಮುಗಿಯೋ ತನಕ ಇರ್ತದೆ. ಆಮೇಲೆ ಕೊಳೆತು ಕಾಡಿಗೇ ಸೇರ್ತದೆ. ಮತ್ತೆ ಕಟ್ತೀವಿ."

"ನನ್ನ ಮಗಳು ವರ್ಷಕ್ಕೊಮ್ಮೆ ಕಟ್ಟೂ ಸಂಕದ ಮ್ಯಾಲೆ ನಡ್ಯಾಂಗಿಲ್ಲ ಬೀಗ್ತಿ," ಅಂದ ಮೋನಪ್ಪ. "ನಾ ಸೇತುವೆ ಬಳುವಳಿ ಕೊಡ್ತೀನಿ. ಅಕಿ ಮೊಮ್ಮಕ್ಕಳು ಅದರ ಮ್ಯಾಲೆ ದಾಟಬೇಕು."

ಮಗಳಿಗೆ ಸೀರೆ ಕೊಟ್ಟವರನ್ನ ಕಂಡಿದ್ದೀರಿ, ಆಕಳು ಕೊಟ್ಟವರನ್ನ ಕಂಡಿದ್ದೀರಿ. ಸೇತುವೆ ಕೊಟ್ಟವರನ್ನ ಕಂಡಿದ್ದೀರಾ? ಇವನು ಕೊಟ್ಟ. ಬಯಲಿನ ಕರಿಜಾಲಿ ಕಡಿಸಿದ, ತೊಲೆ ಕೆತ್ತಿದ, ಹಲಗೆ ಕೊಯ್ದ. ಒಂದೊಂದನ್ನೂ ಸಾಕ್ಷಿಹುತ್ತಕ್ಕೆ ಒರಗಿಸಿದ. ಒಂಬತ್ತು ದಿನವಾಯ್ತು, ಹುತ್ತ ಒಪ್ಪಿತು. ಆರು ಗಾಡಿ ಕಟ್ಟಿ ಗುಡ್ಡ ಹತ್ತಿಸಿ, ಹಳ್ಳದ ಮೇಲೆ ಜೋಡಿಸಿ, ತಲೆಬಾಗಿಲಿನ ಹಾಗೆ ಎರಡೂ ತುದಿಗೆ ಮೂರು ಮೂರು ಗೆರೆ ಕೊರೆದ. ಕಾಳವ್ವ ಅರಿಶಿನದ ಕಾಲಲ್ಲಿ ಅದರ ಮೇಲೆ ನಡೆದು ಗಂಡನ ಮನೆ ಸೇರಿದಳು. ಅಪ್ಪನ ಎದೆ ಆವತ್ತು ಆ ಹಳ್ಳದಷ್ಟು ಅಗಲ ಆಗಿತ್ತು.

ಒಂದು ಮಳೆಗಾಲ ಹೋಯ್ತು. ಚಳಿ ಹೋಯ್ತು. ಬಿಸಿಲೂ ಹೋಯ್ತು. ಚಳಿಯಲ್ಲೇ ಕಾಳವ್ವ ಬಸುರಿ ಅಂತ ಸುದ್ದಿ ಬಂದಿತ್ತು. ಏಳನೇ ತಿಂಗಳಿಗೆ ತವರಿಗೆ ಕರ್ಕೊಂಡು ಬರಬೇಕಿತ್ತು. ಆದರೆ ಬಿತ್ತೋ ಹೊತ್ತು ಹತ್ತಿರ ಬಂದಿತ್ತಲ್ಲ, ಊರೆಲ್ಲ ಕೂರಿಗೆ ಹೊತ್ತು ಮೋನಪ್ಪನ ಕಮ್ಮಟದ ಮುಂದೆ ನಿಂತಿತ್ತು. ಇವತ್ತು ಹೋಗ್ತೀನಿ, ನಾಳೆ ಹೋಗ್ತೀನಿ, ನಾಡಿದ್ದು ಹೋಗ್ತೀನಿ ಅಂತಂತ ಒಂಬತ್ತು ತುಂಬೋಕೆ ಬಂತು. ಕೊನೆಗೆ ಹಸಿರು ಬಳೆ ಕಟ್ಟಿಕೊಂಡು ಗುಡ್ಡ ಹತ್ತಿದ. ಅಷ್ಟರಲ್ಲಿ ಗುಡ್ಡದಲ್ಲಿ ಹದಿನೈದು ದಿನದ ಮಳೆ ಸುರಿದಾಗಿತ್ತು.

ಹಳ್ಳ ಕೆಂಪಗೆ ತುಂಬಿ ಹರೀತಿತ್ತು. ಈಚೆ ದಡದಲ್ಲಿ ಅಪ್ಪ, ಆಚೆ ದಡದಲ್ಲಿ ಮಗಳು. ಅವಳ ಹಿಂದೆ ಹುಲಿಯಪ್ಪ, ದ್ಯಾವಕ್ಕ.

"ಬಾ ಯವ್ವಾ, ಗಾಡಿ ಕೆಳಗ ನಿಂತೇತಿ," ಅಂದ ಅಪ್ಪ.

ಕಾಳವ್ವ ಸೇತುವೆ ತುದಿಗೆ ಬಂದಳು. ಹೊಟ್ಟೆ ಹಿಡಿದುಕೊಂಡು ಕಷ್ಟದಿಂದ ಬಗ್ಗಿದಳು. ಕಲಿತ ಕೈ ಸುಮ್ಮನಿರುತ್ತಾ? ಬೆರಳು ಮಡಚಿ ತಟ್ಟಿದಳು. ಒಂದು ಸಲ ತಟ್ಟಿದಳು. ಇನ್ನೊಂದು ಸಲ ತಟ್ಟಿದಳು. ಮತ್ತೊಂದು ಸಲ ತಟ್ಟಿ, ಎದ್ದು ಹಿಂದಕ್ಕೆ ಸರಿದಳು.

"ಅಪ್ಪಾ, ಇದರಾಗ ಮರ ಇಲ್ಲ."

"ಮರದ ಸೇತುವೆಯಾಗ ಮರ ಇಲ್ಲಂದ್ರ ಮತ್ತೇನೈತಿ?"

"ಏನೂ ಇಲ್ಲ."

"ಹುತ್ತ ಒಪ್ಪೇತಿ ಕಾಳವ್ವ. ಒಂಬತ್ತು ದಿನ ಇಟ್ಟೀನಿ. ನನ್ನ ಗುರುತು ಐತಿ ನೋಡು, ನಿನ್ನ ಕಾಲ ಬುಡದಾಗ."

"ಗುರುತು ಐತಪ್ಪಾ. ಗುರುತಿನ ಕೆಳಗ ಮರ ಇಲ್ಲ."

ಮೋನಪ್ಪನಿಗೆ ಸಿಟ್ಟು ನೆತ್ತಿಗೇರಿತು. ಅಜ್ಜನ ಕೈಗುಣ, ಅಪ್ಪನ ಕೈಗುಣ, ತನ್ನ ಕೈಗುಣ, ಮೂರನ್ನೂ ಮಗಳು ಬೀಗರ ಮುಂದೆ ನೀರಿಗೆ ಹಾಕಿದಳು ಅನಿಸಿತು. "ನಾನೇ ನಡದು ತೋರಸ್ತೀನಿ," ಅಂದ. ಬ್ಯಾಡಪ್ಪಾ ಅಂತ ಅವಳು ಕೂಗೋದರೊಳಗೆ ಕಾಲಿಟ್ಟ. ಮೊದಲನೇ ಹೆಜ್ಜೆ, ತಡೀತು. ಎರಡನೇ ಹೆಜ್ಜೆ, ತಡೀತು. ಹಾಗೇ ನಡು ಹಳ್ಳಕ್ಕೆ ಬಂದ, ಮೀಸೆ ಮೇಲೆ ಕೈ ಹೋಯ್ತು. ಆಗ ಸೇತುವೆ ಹಪ್ಪಳದ ಹಾಗೆ ಮುರೀತು.

ಹುಲಿಯಪ್ಪ ಚಾಚಿದ ಬಿದಿರು ಗಳ ಕೈಗೆ ಸಿಕ್ಕಿತು, ಪ್ರಾಣ ಉಳೀತು. ಆಚೆ ದಡಕ್ಕೆ ಎಳೆದು ಹಾಕಿದರು. ತೊಲೆಯ ಒಂದು ತುಂಡು ಅವನ ಜೊತೆಗೇ ದಡಕ್ಕೆ ಬಂದಿತ್ತು. ಎತ್ತಿ ನೋಡಿದ. ಹೊರಗೆ ಕಾಗದದಷ್ಟು ತೆಳು ಸಿಪ್ಪೆ, ಅದರ ಮೇಲೆ ಅವನದೇ ಮೂರು ಗೆರೆ. ಒಳಗೆ ಬರೀ ಮಣ್ಣು.

ಈಗ ಲೆಕ್ಕ ನೋಡ್ರಿ. ಹಳ್ಳ ತುಂಬೇತಿ. ಸೇತುವೆ ಇಲ್ಲ. ಸೂಲಗಿತ್ತಿ ಆ ದಡ, ತುಂಬಿದ ಬಸುರಿ ಈ ದಡ. ಯಾರಿಂದ? ಹೆತ್ತ ಅಪ್ಪನಿಂದ. ಮೋನಪ್ಪನಿಗೆ ಮೊದಲು ಹೆದರಿಕೆಯಾಯ್ತು, ಆಮೇಲೆ ನಾಚಿಕೆಯಾಯ್ತು. ಎರಡನ್ನೂ ತಡೆಯೋಕಾಗದೆ ಸಿಟ್ಟು ಮಾಡಿಕೊಂಡ. ಮನೆ ಅಂಗಳದ ಗುದ್ದಲಿ ಎತ್ತಿಕೊಂಡು, "ಮಾತಿಗೆ ತಪ್ಪಿದ ಹುಳ," ಅಂತ ಬೈತಾ ಹತ್ತಿರದ ಹುತ್ತಕ್ಕೆ ನುಗ್ಗಿದ.

ಆ ಹುತ್ತ ಬಯಲಿನ ಹುತ್ತದ ಹಾಗಿರಲಿಲ್ಲ. ಅವನಿಗಿಂತ ಎತ್ತರ, ಸೀರೆ ನೆರಿಗೆಯ ಹಾಗೆ ಮಣ್ಣಿನ ಮಡಿಕೆ. ಎತ್ತಿ ಒಂದು ಏಟು ಹಾಕಿದ. ಒಂದು ಹೆಂಟೆ ಬಿತ್ತು. ಒಳಗಿಂದ ಬಿಸಿ ಉಸಿರು ಬಂದು ಮುಖಕ್ಕೆ ತಾಗಿತು. ಹೊರಗೆ ಮಳೆ, ಚಳಿ. ಒಳಗೆ ಮಗು ಮಲಗಿದ ಕೋಣೆಯ ಹಾಗೆ ಬೆಚ್ಚಗೆ. ಎತ್ತಿದ ಗುದ್ದಲಿ ಹಾಗೇ ನಿಂತಿತು. ಬಗ್ಗಿ ನೋಡಿದ. ಗೂಡಿನೊಳಗೆ ಗೂಡು, ಒಂದೊಂದು ಗೂಡಲ್ಲೂ ಜೇನು ತಟ್ಟಿಯಂಥ ಕಂದು ಗಡ್ಡೆ, ಗಡ್ಡೆಯ ಮೈ ತುಂಬ ಸಾಸಿವೆಯಷ್ಟು ಸಣ್ಣ ಬಿಳಿ ಬಿಳಿ ಮೊಗ್ಗು. ಸಾವಿರ ಗೆದ್ದಲು. ಒಂದಾದರೂ ಓಡಲಿಲ್ಲ. ಒಂದೊಂದೂ ಒಂದೊಂದು ಹನಿ ಮಣ್ಣು ತಂದು, ಅವನು ಒಡೆದ ಬಾಯಿಯನ್ನ ಅವನ ಕಣ್ಣೆದುರಿಗೇ ಮುಚ್ಚೋಕೆ ಹತ್ತಿದವು.

"ಇದೇನಿದು ಬೀಗ್ತಿ?" ಅಂದ. ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ.

"ಅವರ ತೋಟ," ಅಂದಳು ದ್ಯಾವಕ್ಕ. "ಮರನ ಹಾಗೇ ತಿನ್ನೋರಲ್ಲ ಇವರು. ಅಗಿದು ಗೊಬ್ಬರ ಮಾಡ್ತಾರೆ. ಗೊಬ್ಬರದ ಮೇಲೆ ಅಣಬೆ ಬೆಳೀತಾರೆ. ಆಮೇಲೆ ಊಟ. ನಿಮ್ಮ ಸೇತುವೆಯ ಮರ ಎಲ್ಲೂ ಹೋಗಿಲ್ಲ, ಇಲ್ಲೇ ಇದೆ ನೋಡಿ."

ಮೋನಪ್ಪ ನೋಡಿದ. ನೋಡ್ತಾನೇ ಇದ್ದ.

"ಇನ್ನೊಂದು ಮಾತು," ಅಂದಳು ದ್ಯಾವಕ್ಕ. "ಈ ಹುತ್ತದ ಅಣಬೆ ಮೊದಲ ಮಳೆಗೆ ನೆಲ ಒಡೆದು ಮೇಲೆ ಬರ್ತದೆ. ಹೆಗ್ಗಾಲಣಬೆ ಅಂತೀವಿ. ಈ ವರ್ಷ ಬಂದ ಹಾಗೆ ಯಾವ ವರ್ಷವೂ ಬಂದಿರಲಿಲ್ಲ. ನಿಮ್ಮ ಮಗಳಿಗೆ ಏನು ಕೊಟ್ಟರೂ ಹೊಟ್ಟೆಗೆ ಸೇರ್ತಿರಲಿಲ್ಲ ಬೀಗರೇ. ಒಣಗಿ ಕಡ್ಡಿಯಾಗಿದ್ದಳು. ಇದರ ಸಾರು ಮಾಡಿ ಕೊಟ್ಟೆ. ಹದಿನೈದು ದಿನ ಬಟ್ಟಲು ಬಟ್ಟಲು ಉಂಡಳು."

ಮೋನಪ್ಪ ತಿರುಗಿ ಮಗಳ ಮುಖ ನೋಡಿದ. ಕಾಳವ್ವ ತಲೆ ತಗ್ಗಿಸಿದಳು. "ಭಾಳ ರುಚಿ ಇತ್ತಪ್ಪಾ," ಅಂದಳು.

ಅಯ್ಯೋ, ಆ ಬಡಿಗನನ್ನ ನೀವು ನೋಡಬೇಕಿತ್ತು. ಗುದ್ದಲಿ ಬಿಟ್ಟು ಕೆಸರಲ್ಲೇ ಕೂತ. ನಗೋಕೆ ಶುರು ಮಾಡಿದವನು ಅತ್ತುಬಿಟ್ಟ. ದಾಟಲಿ ಅಂತ ಕೊಟ್ಟದ್ದನ್ನ ಮಗಳು ಉಂಡಿದ್ದಳು. ಒಡೆದ ಹೆಂಟೆಯನ್ನ ಎತ್ತಿ, ಹೇಗಿತ್ತೋ ಹಾಗೆ ಹುತ್ತದ ಬಾಯಿಗೆ ಇಟ್ಟು, ಕೈ ಮುಗಿದ.

ಕೈ ಮುಗಿದರೆ ಹಳ್ಳ ದಾಟೋಕಾಗುತ್ತಾ? ಆಗಲ್ಲ. ಬಿದಿರು ಕಡಿಯೋಣ ಅಂದರೆ ಬಿದಿರು ಮೆಳೆಯೂ ಆ ದಡದಲ್ಲೇ, ಅಲ್ಲಿಯವರು ಕಡಿದರೂ ತುಂಬಿದ ಹಳ್ಳದ ಮೇಲೆ ಬಿದಿರು ಸಂಕ ಕಟ್ಟೋಕಾಗೋದಿಲ್ಲ. ಮೋನಪ್ಪ ಕಣ್ಣು ಒರೆಸಿಕೊಂಡು ಕೇಳಿದ, "ಬೀಗ್ತಿ, ಇವರು ಒಲ್ಲೆ ಅಂದ ಮರ ಈ ದಡದಾಗ ಯಾವುದಾರ ಐತೇನು?"

ನೋಡ್ರಿ, ಮೂರು ತಲೆಮಾರಿನಲ್ಲಿ ಆ ಮನೆತನದವರು ಕೇಳಿದ ಮೊದಲ ಪ್ರಶ್ನೆ ಅದು.

ದ್ಯಾವಕ್ಕ ಬೆರಳು ತೋರಿಸಿದಳು. ಹುತ್ತದ ಪಕ್ಕದಲ್ಲೇ ಪಾಚಿ ಹಿಡಿದ ಒಂದು ದಿಮ್ಮಿ ಬಿದ್ದಿತ್ತು. "ಬೋಗಿ ಮರ. ನಾನು ಮದುವೆಯಾಗಿ ಬಂದ ವರ್ಷ ಗಾಳಿಗೆ ಬಿತ್ತು. ಅದರ ಜೊತೆ ಬಿದ್ದ ಮರ ಎಲ್ಲ ಮಣ್ಣಾಯ್ತು. ಇದನ್ನ ಅವರು ಸುತ್ತು ಹಾಕ್ಕೊಂಡು ಹೋಗ್ತಾರೆ, ಮುಟ್ಟೋದಿಲ್ಲ. ನಮ್ಮ ಕೊಡಲಿಗೂ ಅದು ಬಗ್ಗೋದಿಲ್ಲ, ಕೂರೋಕೆ ಬಳಸ್ತೀವಿ."

ಕಾಳವ್ವ ತಟ್ಟಿದಳು. ಕಂಚಿನ ತಟ್ಟೆಯ ಹಾಗೆ ಸದ್ದು ಬಂತು. ಇವನು ಒಂಬತ್ತು ದಿನ ಪರೀಕ್ಷೆ ಮಾಡ್ತಿದ್ದ. ಈ ಮರಕ್ಕೆ ಇಪ್ಪತ್ತೈದು ವರ್ಷದ ಪರೀಕ್ಷೆ ಆಗಿತ್ತು.

ಮೊದಲನೇ ದಿನ ಪಾಚಿ ಕೆರೆದು, ಸೇತುವೆ ಕಟ್ಟಿದಾಗ ಮೋನಪ್ಪ ಅಲ್ಲೇ ಬಿಟ್ಟಿದ್ದ ಗರಗಸ ಹಚ್ಚಿದರು. ಎರಡನೇ ದಿನ ದಿಮ್ಮಿ ಎರಡು ತೊಲೆಯಾಯ್ತು. ಗರಗಸದ ಹಲ್ಲು ಮಸೆಯೋಕೆ ಕೂತಾಗೆಲ್ಲ ಮೋನಪ್ಪ ಕಾಡು ನೋಡ್ತಿದ್ದ. ಬಯಲಿನವನಿಗೆ ಗೆದ್ದಲು ಅಂದರೆ ಒಂದೇ ಜಾತಿ. ಇಲ್ಲಿ ನೋಡಿದರೆ, ಹಾಡುಹಗಲಲ್ಲೇ ಮರದ ಮೇಲೆ ಕರೀ ಗೆದ್ದಲಿನ ಮೆರವಣಿಗೆ. ಒಂದು ಬೆರಳಗಲ, ಮರದ ಬುಡದಿಂದ ಕಣ್ಣಿಗೆ ಕಾಣದ ತುದಿವರೆಗೆ. ಎರಡೂ ಅಂಚಿಗೆ ಚೂಪು ಮೂತಿಯ ಕಾವಲುಗಾರರು ಹೊರಗಡೆ ಮುಖ ಮಾಡಿ ನಿಂತಿದ್ದರು.

"ಇವರು ತೊಗಟೆ ಮೇಲಿನ ಬೂಷ್ಟು ಕೆರೆದು ತಿನ್ನೋರು," ಅಂದಳು ದ್ಯಾವಕ್ಕ. ಒಂದು ಹಿಡಿ ನೆಲ ಬಗೆದು ತೋರಿಸಿದಳು. ಅಲ್ಲಿ ಬಿಳೀ ಮೈಯ ಮೆತ್ತನೆಯವರು. "ಇವರು ಮಣ್ಣೇ ತಿನ್ನೋರು. ತೋಟದವರನ್ನ ನೀವೇ ನೋಡಿದ್ರಲ್ಲ. ಇದೇ ಕಾಡು, ಇದೇ ಮಳೆ. ಒಬ್ಬರ ಊಟ ಇನ್ನೊಬ್ಬರಿಗೆ ಸೇರೋದಿಲ್ಲ."

ಇಷ್ಟು ಜನ ಇದ್ದಾರಾ ಲೋಕದಲ್ಲಿ, ಇಷ್ಟು ಮನೆ, ಇಷ್ಟು ಅಡುಗೆ, ನಾನು ಐವತ್ತು ವರ್ಷ ಏನು ನೋಡಿದೆ ಅಂದುಕೊಂಡ ಮೋನಪ್ಪ. "ಹಂಗಾದ್ರ ಬೀಗ್ತಿ, ನಮ್ಮ ಸಾಕ್ಷಿಹುತ್ತದವರು ಯಾರು?"

"ನಾನೆಂತ ಹೇಳಲಿ? ಅವರು ಊಟಕ್ಕೆ ಏನು ಮಾಡ್ತಾರೆ, ನೋಡಿದೀರಾ?"

ಮೋನಪ್ಪ ಮತ್ತೆ ಗರಗಸಕ್ಕೆ ಕೈ ಹಾಕಿದ.

ಮೂರನೇ ದಿನ ಬೆಳಿಗ್ಗೆ ಕಾಳವ್ವನಿಗೆ ನೋವು ಶುರುವಾಯ್ತು. ಆ ದಡದವರನ್ನ ಕೂಗಿ ಕರೆದರು. ಕಲ್ಲು ಕಟ್ಟಿ ಹಗ್ಗ ಎಸೆದರು. ಅತ್ತಲವರು ಎಳೆದರು, ಇತ್ತಲವರು ನೂಕಿದರು. ಒಂದು ತೊಲೆ ಕೂತಿತು. ಇನ್ನೊಂದು ತೊಲೆ ಕೂತಿತು. ಬುಟ್ಟಿ ಹೆಣೆಯೋಕಿಟ್ಟ ಬಿದಿರನ್ನೇ ಹುಲಿಯಪ್ಪ ಅಡ್ಡ ಹಾಸಿ ಬಿಗಿದ. ಮೋನಪ್ಪ ಕಾಲಿಡಲಿಲ್ಲ. ಮಗಳ ಕಡೆ ನೋಡಿ, "ತಟ್ಟಿ ಹೇಳವ್ವ," ಅಂದ.

ನೋವಲ್ಲೂ ಅವಳು ಬಗ್ಗಿ ತಟ್ಟಿದಳು. "ಗಟ್ಟಿ ಐತಪ್ಪಾ."

ಒಂದು ಕೈ ಗಂಡ ಹಿಡಿದ, ಒಂದು ಕೈ ಅತ್ತೆ ಹಿಡಿದಳು. ಹಿಂದೆ ಅಪ್ಪ ನಡೆದ. ದಾಟಿದರು. ಸೂಲಗಿತ್ತಿ ಬಿಸಿನೀರು ಇಟ್ಟುಕೊಂಡು ಕಾಯ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು ಅತ್ತ ಸದ್ದು ಹಳ್ಳದ ಸದ್ದಿಗಿಂತ ಜೋರಾಗಿ ಕೇಳಿಸಿತು.

ಆ ಸೇತುವೆಗೆ ಮೋನಪ್ಪ ಮೂರು ಗೆರೆ ಕೊರೆಯಲಿಲ್ಲ. ಹುಲಿಯಪ್ಪ ಕೇಳಿದ್ದಕ್ಕೆ, "ಒಪ್ಪಿದವರು ಬ್ಯಾರೆ ಅದಾರ, ನಾ ಯಾಕ ಕೊರೀಲಿ?" ಅಂದ.

ಮೂರು ತಿಂಗಳಾದ ಮೇಲೆ ಮೋನಪ್ಪನ ಜೊತೆ ಬಾಣಂತಿ, ಕೂಸು ಬಯಲಿಗೆ ಬಂದರು. ಊರವರು ಕೂಸು ನೋಡೋಕೆ ಬಂದರೆ ಮೋನಪ್ಪ ಎಲ್ಲಿ? ಕಮ್ಮಟದ ಹಿಂದೆ, ಸಾಕ್ಷಿಹುತ್ತದ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದ. ಒಂದು ದಿನ ಕೂತ, ಏನೂ ಕಾಣಲಿಲ್ಲ. ಎರಡು ದಿನ ಕೂತ, ಏನೂ ಕಾಣಲಿಲ್ಲ. ಮೂರನೇ ದಿನ ಸಣ್ಣ ಹನಿ ಬಿದ್ದು ನಿಂತಿತ್ತು, ಹೊತ್ತು ಇಳಿದಿತ್ತು. ಹುತ್ತದ ಬುಡದಲ್ಲಿ ಸಣ್ಣ ಸಣ್ಣ ಕಿಂಡಿ ತೆರೆದವು. ಒಬ್ಬ ಬಂದ, ಹತ್ತು ಜನ ಬಂದರು, ಸಾವಿರ ಜನ ಬಂದರು. ಅವನು ಒರಗಿಸಿಟ್ಟ ನೇಗಿಲನ್ನ ಹತ್ತಿ ಇಳಿದು ಹಾಗೇ ದಾಟಿ ಹೋದರು. ಹೋಗಿ ಏನು ಮಾಡಿದರು ಅಂತೀರಿ?

ಹುಲ್ಲು ಕೊಯ್ದರು. ಒಬ್ಬೊಬ್ಬರೂ ತಮಗಿಂತ ಉದ್ದದ ಹುಲ್ಲಿನ ಎಸಳು ಕತ್ತರಿಸಿ, ಹೊತ್ತು, ಸಾಲಾಗಿ ಬಂದು ಕಿಂಡಿಯೊಳಗೆ ಇಳಿದರು. ಸುಗ್ಗಿಯಲ್ಲಿ ಊರವರು ಮೇವು ಒಟ್ಟಿದ ಹಾಗೆ.

"ಕಾಳವ್ವಾ, ಬಾ ಇಲ್ಲಿ," ಅಂತ ಕೂಗಿದ. ಅವಳು ಕೂಸು ಎತ್ತಿಕೊಂಡು ಬಂದು ನಿಂತಳು. "ನೋಡವ್ವ. ಇವರು ಹುಲ್ಲು ತಿನ್ನೋ ಮಂದಿ. ಮರ ಇವರ ಊಟನೇ ಅಲ್ಲ. ಮೂರು ತಲಿಮಾರು ನಾವು ಹುಲ್ಲು ತಿನ್ನೋರ ಮುಂದ ಮರ ಇಟ್ಟು, ನೋಡ್ರಿ ನಮ್ಮ ಕೈಗುಣ ಅಂತ ಮೀಸಿ ತಿರುವೀವಿ."

ಕಾಳವ್ವನಿಗೆ ನಗು ತಡೆಯೋಕಾಗಲಿಲ್ಲ. ಅವಳು ನಕ್ಕಳು, ಅಪ್ಪ ನಕ್ಕ, ಯಾಕೆ ಅಂತ ಗೊತ್ತಿಲ್ಲದೆ ಕೂಸೂ ಬೊಚ್ಚುಬಾಯಿ ತೆರೆಯಿತು.

ಮರುದಿನ ಮೋನಪ್ಪ ಊರ ಕಟ್ಟೆಯಲ್ಲಿ ನಿಂತು ಇದ್ದದ್ದನ್ನ ಇದ್ದ ಹಾಗೆ ಹೇಳಿದ. ನನ್ನ ಕೈಯಲ್ಲಿ ಗುಣ ಇಲ್ಲ, ನಿಮ್ಮ ಮನೆ ನಿಂತಿರೋದು ಇವರು ಹುಲ್ಲು ತಿನ್ನೋರಾದ್ದಕ್ಕೆ ಅಂದ. ಹೇಳೋವಾಗ ಕಿವಿ ಕೆಂಪಾಗಿತ್ತು, ಆದರೂ ಪೂರ್ತಿ ಹೇಳಿದ. ಕೆಲವರು ನಕ್ಕರು, ಕೆಲವರು ಹೋಗಿ ಮನೆ ತೊಲೆ ತಟ್ಟಿ ನೋಡಿದರು. ಕೂರಿಗೆ ಮಾಡಿಸೋಕೆ ಮಾತ್ರ ಮತ್ತೆ ಅವನ ಹತ್ತಿರವೇ ಬಂದರು.

ಕಥೆ ಮುಗೀತು ಅಂತ ಎದ್ದಿರೋರು ಕೂತ್ಕೊಳ್ರಿ. ಇನ್ನೊಂದು ತುಣುಕು ಐತಿ.

ಮಾತು ಕಾಲಿಲ್ಲದೇ ದೂರ ಹೋಗುತ್ತಲ್ಲ. ಕೈಗುಣದ ಹಳೇ ಮಾತು ಗುಡ್ಡ ದಾಟಿ ಕಡಲ ತನಕ ಹೋಗಿತ್ತು. ಒಂದು ದಿನ ಕಡಲ ದಡದಿಂದ ದೂಮಣ್ಣ ಅನ್ನೋ ದೋಣಿ ಕಟ್ಟುವವನು ಹುಡುಕಿಕೊಂಡು ಬಂದ. "ಗೆದ್ದಲು ತಿನ್ನದ ಮರ ನಿಮ್ಮಲ್ಲಿ ಉಂಟಂತೆ. ನನ್ನ ದೋಣಿಗೆ ಬೇಕು. ನಡು ಕಡಲಲ್ಲಿ ಮುರಿದರೆ ಹತ್ತು ಜನರ ಜೀವ ಹೋಗ್ತದೆ," ಅಂದ.

ಹಿಂದಿನ ಮೋನಪ್ಪ ಆಗಿದ್ದರೆ? ಮೀಸೆ ತಿರುವಿ, ಮೂರು ಗೆರೆ ಕೊರೆದು ಕೊಟ್ಟು ಕಳಿಸ್ತಿದ್ದ. ಈ ಮೋನಪ್ಪ ಮಣೆ ಹಾಕಿ ಕೂರಿಸಿ, ನೀರು ಕೊಟ್ಟು ಕೇಳಿದ, "ನಿಮ್ಮ ಕಡೀ ಗೆದ್ದಲು ಎಂಥ ಹುತ್ತ ಕಟ್ತಾವ್ರಿ?"

"ಹುತ್ತ ಎಲ್ಲಿದ್ದು ಮಾರಾಯ್ರೇ? ನಮ್ಮ ದೋಣಿಗೆ ಬರುವವಕ್ಕೆ ಹುತ್ತ ಬೇಡ, ಮಣ್ಣು ಬೇಡ, ಕುಡಿಯಲಿಕ್ಕೆ ನೀರೂ ಬೇಡ. ಒಣ ಮರದ ಒಳಗೇ ಹುಟ್ಟಿ, ಅಲ್ಲೇ ಉಂಡು, ಅಲ್ಲೇ ಇರ್ತವೆ. ಕೆಳಗೆ ಗಸಗಸೆ ಹಾಗೆ ಹಿಕ್ಕೆ ಬಿದ್ದದ್ದು ಕಂಡಾಗಲೇ ಒಳಗೆ ಉಂಟು ಅಂತ ನಮಗೆ ಗೊತ್ತಾಗುವುದು."

ಮಣ್ಣಿಲ್ಲ, ಮನೆಯಿಲ್ಲ, ನೀರಿಲ್ಲ, ಆದರೂ ಬದುಕೋ ಗೆದ್ದಲು. ಮೋನಪ್ಪ ಮೂಗಿನ ಮೇಲೆ ಬೆರಳಿಟ್ಟುಕೊಂಡ. ಆಮೇಲೆ ಎದ್ದ. ಕರಿಜಾಲಿಯ ಒಂದು ತುಂಡು, ಬೇವಿನ ಒಂದು ತುಂಡು, ಮಗಳ ಗುಡ್ಡದಿಂದ ತಂದ ಬೋಗಿಯ ಒಂದು ತುಂಡು ಚೀಲಕ್ಕೆ ಹಾಕಿಕೊಂಡ. ಮೂರು ಗೆರೆ ಕೊರೆಯೋ ಉಳಿಯನ್ನ ಗೂಟಕ್ಕೆ ನೇತುಹಾಕಿದ.

"ಎಲ್ಲಿಗೆ ಹೊಂಟಿ ಅಪ್ಪಾ?" ಅಂದಳು ಕಾಳವ್ವ, ತೊಟ್ಟಿಲು ತೂಗ್ತಾ.

"ಕಡಲಿಗೆ. ಅಲ್ಲಿಯವರು ಏನು ಉಣ್ತಾರ ಅಂತ ಅವರನ್ನೇ ಕೇಳಿ ಬರ್ತೀನಿ."

ಅವನು ಹೋದ ದಾರಿಯ ಹುಲ್ಲನ್ನ ಸಾಕ್ಷಿಹುತ್ತದವರು ಕೊಯ್ದರು. ನಾನು ಹೇಳಿದ ಕಥೆಯನ್ನ ನೀವು ಹೊತ್ತುಕೊಂಡ್ರಿ. ಅವರು ತಮ್ಮ ಹುತ್ತಕ್ಕೆ ಇಳಿದರು, ನೀವು ನಿಮ್ಮ ಮನೆಗೆ ನಡೀರಿ. ಹೋಗೋವಾಗ ಕಾಲ ಕೆಳಗೆ ನೋಡಿಕೊಂಡು ಹೋಗ್ರಿ, ಯಾರದೋ ಊಟದ ಹೊತ್ತಾಗಿರುತ್ತೆ.